ಹಗೇವಿಗೆ ಇಳಿಬಿಟ್ಟ ಮೈಕು

ಆ ಟೀವಿ ಆರ್ಸ್ರಿ. ಹತ್ರ ಬಂದು ಕುಂತ್ಕಳ್ರಿ. ಇದು ಯಾರೋ ಎಲ್ಲೋ ಹೇಳಿದ್ದಲ್ಲ. ನನ್ನ ಖಾಸ ತಂಗಿ ಮಗಳು ಸುಮಿತ್ರಂಗೆ ಆಗಿದ್ದು. ನಮ್ಮೂರು ಮತ್ತೋಡಲ್ಲೇ ಆಗಿದ್ದು. ನಂಬೋರು ನಂಬ್ರಿ. ನಂಬದೋರು ಎದ್ದು ಹೋಗ್ರಿ, ಬಾಗ್ಲು ತೆಗ್ದೇ ಐತೆ... ಹೊರಗೆ ಕತ್ಲೂ ಐತೆ.

ಊರು ಮಲಗಿತ್ತು. ಸೇದೋ ಬಾವಿ ಪಕ್ಕದ ದಾರೀಲಿ ಇಬ್ರು ಹೆಂಗಸ್ರು ಬರ್ತಾ ಇದ್ರು. ಮುಂದೆ ಸುಮಿತ್ರಾ, ತಲೆ ಮ್ಯಾಲೆ ಪುಟ್ಟಿ. ಹಿಂದೆ ಹುಲಿಗೆಮ್ಮಜ್ಜಿ, ಹೆಗಲಿಗೆ ತೆಂಗಿನ ನಾರಿನ ಹಗ್ಗ. ಬಾವಿ ರಾಟೆ ಗಾಳಿಗೆ ಕಿರ್ರ್... ಕಿರ್ರ್... ಅಂತಿತ್ತು. ಸುಮಿತ್ರಾ ನಿಂತ್ಲು.

"ಅಜ್ಜೀ... ವಾಪಸ್ ಹೋಗಾಣ ಅಂದ್ರೆ ಈಗ್ಲೇ ಹೇಳು."

"ನೀನು ಹೋಗು. ಪುಟ್ಟಿ ಕೊಟ್ಟು ಹೋಗು."

"ನಿನಗೆ ಲ್ಯಾಪ್‌ಟಾಪ್ ಆನ್ ಮಾಡಾಕೆ ಬರಲ್ಲ."

"ಹಂಗಾದ್ರೆ ಬಾಯ್ ಮುಚ್ಕಂಡು ನಡಿ."

ಅಷ್ಟೇ ಮಾತು. ಮತ್ತೆ ಚಪ್ಪಲಿ ಸದ್ದು... ಚರಕ್, ಚರಕ್.

ಪುಟ್ಟೀಲಿ ಟವೆಲ್ ಕೆಳಗೆ ಏನಿತ್ತು ಅಂದ್ರೆ ಒಂದು ಲ್ಯಾಪ್‌ಟಾಪು, ಒಂದು ಮೈಕು, ಕಿವಿ ಪೂರ್ತಿ ಮುಚ್ಚೋ ಹೆಡ್‌ಫೋನು, ಒಂದು ಸುತ್ತು ವೈರು, ಮಣ್ಣಿನ ದೀಪ, ಎಣ್ಣೆ. ಇಬ್ರೂ ಹೊಂಟಿದ್ದು ಊರ ಸಾಹುಕಾರ ಪಂಚಾಕ್ಷರಪ್ಪನ ಹಳೇ ಮನೆ ಹಿತ್ಲಿಗೆ. ಅಲ್ಲಿ ರಾಗಿ ತುಂಬೋ ಹಗೇವು ಐತೆ. ಆ ಹಗೇವು ಹತ್ರ ಹಗಲೊತ್ತಲ್ಲೂ ಯಾರೂ ಸುಳಿಯಲ್ಲ.

ಯಾಕೆ ಹೊಂಟ್ರು? ಅದನ್ನ ಮೊದ್ಲಿಂದ ಹೇಳ್ಬೇಕು.

ಸುಮಿತ್ರಾ ಬಸ್ ಸ್ಟ್ಯಾಂಡ್ ಹತ್ರ ಜೆರಾಕ್ಸ್ ಅಂಗಡಿ ಇಟ್ಕಂಡವ್ಳೆ. ಗಂಡ ಶಿವು ಹಿರಿಯೂರಿಂದ ತೆಂಗಿನಕಾಯಿ ಲಾರಿ ಹೊಡ್ಕಂಡು ಹೋದ್ರೆ ಬೇಗ ಬರೋ ಆಸಾಮಿ ಅಲ್ಲ. ಒಬ್ಬಳೇ ಕುಂತು ಕುಂತು ಅವಳಿಗೆ ಪಾಡ್‌ಕಾಸ್ಟಿನ ಹುಚ್ಚು ಹಿಡೀತು. ನಾನು ಎರಡನೇ ಕ್ಲಾಸಿಗೆ ಸ್ಕೂಲಿಗೆ ಸಲಾಂ ಹೊಡೆದೋನು, ಆದ್ರೂ ಇದೇನು ಅಂತ ನಿಮಗಿಂತ ಚೆನ್ನಾಗಿ ಹೇಳ್ತೀನಿ ಕೇಳ್ರಿ. ರೇಡಿಯೋ ಇದ್ದಂಗೆ, ಆದ್ರೆ ಸ್ಟೇಷನ್ ಇಲ್ಲ. ಮನೇಲಿ ಕುಂತು ಮಾತಾಡೋದು, ಫೋನಿಗೆ ಹಾಕೋದು. ಬೇಕಾದೋರು ಬೇಕಾದಾಗ ಕೇಳ್ಕಂತಾರೆ. ಅಷ್ಟೇಯ.

"ಮಾವ, ನಮ್ಮ ಕಡೆ ಮಾತಲ್ಲಿ, ನಮ್ಮ ಕಡೆ ಕತೆ ಯಾರೂ ಹೇಳ್ತಿಲ್ಲ. ನಾನು ಹೇಳಿಸ್ತೀನಿ" ಅಂದ್ಲು.

ಮೈಕ್ ಬಂತು. ಸ್ಟ್ಯಾಂಡಿಗೆ ಸಿಗ್ಸಿ ಟೇಬಲ್ ಮ್ಯಾಲೆ ನಿಲ್ಸಿದ್ಲು. ಒಳ್ಳೆ ಬದ್ನೇಕಾಯಿ ಇದ್ದಂಗಿತ್ತು. ಲ್ಯಾಪ್‌ಟಾಪಿಗೆ ಸೀದಾ ಚುಚ್ಚೋ ಮೈಕಂತೆ, ಶುರು ಮಾಡೋರಿಗೆ ಅದೇ ಸಾಕಂತೆ, ಮಿಕ್ಸರ್ ಗಿಕ್ಸರ್ ಏನೂ ಬ್ಯಾಡಂತೆ. 'ಪ' 'ಭ' ಅಂದಾಗ ಬಾಯಿ ಗಾಳಿ ಮೈಕಿಗೆ ಹೊಡೆದು ಢಬ್ ಢಬ್ ಅನ್ನುತ್ತಲ್ಲ, ಅದಕ್ಕೆ ಕಸೂತಿ ಹಾಕೋ ರಿಂಗಿಗೆ ಹಳೇ ನೈಲಾನ್ ಸೀರೆ ತುಂಡು ಬಿಗಿದು ಅಡ್ಡ ಇಟ್ಲು. ಸಾಫ್ಟ್‌ವೇರ್ ಪುಕ್ಸಟ್ಟೆ ಸಿಗ್ತು. ಮಾತಾಡಿದಂಗೆಲ್ಲ ಪರದೆ ಮ್ಯಾಲೆ ಗೆರೆ ಎದ್ದು ಬೀಳ್ತಿತ್ತು. ನಾನೂ ಒಂದು ಕೂಗು ಹಾಕ್ದೆ ಅದರ ಮುಂದೆ. ಗೆರೆ ಮ್ಯಾಲಿಂದ ಕೆಳಗಿನ ತನಕ ಕೆಂಪಗಾಗಿ ಹೋಯ್ತು.

"ಮಾವ, ನಿನ್ನ ಗಂಟಲನ್ನ ಈ ಮೈಕ್ ತಡಿಯಲ್ಲ" ಅಂದ್ಲು.

ತಡಿಯಲ್ಲ. ಹೆಂಗೆ ತಡೀತದೆ.

ಮೊದಲ ಕತೆ ಯಾರ್ದು ಅಂತ ಹುಡುಕ್ತಾ ಇದ್ದಾಗ ಹುಲಿಗೆಮ್ಮಜ್ಜಿ ಬಂದ್ಲು. ನನ್ನ ವಾರಿಗೆ ಹೆಂಗಸು, ಕೂಲಿ ಮಾಡಿ ಮಾಡಿ ಒಣಗಿದ ಗರಿ ಆಗವ್ಳೆ. ಸುಮಿತ್ರಾ, ಅಜ್ಜಿ ಸೋಬಾನೆ ಪದ ಹಾಡ್ತಾಳೆ ಅನ್ಕಂಡ್ಲು. ಅಜ್ಜಿ ಚಾಪೆ ಮ್ಯಾಲೆ ಕುಂತು, ಮೈಕನ್ನ ಒಂದ್ಸಲ ದುರುಗುಟ್ಕಂಡು ನೋಡಿ ಹೇಳಿದ್ಲು.

"ನನ್ನತ್ರ ಒಂದೇ ಕತೆ ಐತೆ. ನಮ್ಮಪ್ಪ ಕಳ್ಳ ಅಲ್ಲ. ಅದನ್ನ ಹಾಕ್ತೀಯೇನು? ಹಾಕೋದಾದ್ರೆ ಕುಂತ್ಕಂತೀನಿ. ಇಲ್ಲಾಂದ್ರೆ ನಿನ್ನ ಬದ್ನೇಕಾಯಿ ನೀನೇ ಇಟ್ಕ."

ಹಗೇವು ಅಂದ್ರೆ ನೆಲದೊಳಗೆ ರಾಗಿ ತುಂಬಿಡೋ ಗುಂಡಿ. ಬಾಯಿ ಒಬ್ಬ ಇಳಿಯೋವಷ್ಟೇ. ಒಳಗೆ ಗಡಿಗೆ ಹೊಟ್ಟೆ ಇದ್ದಂಗೆ ಅಗಲ. ಬಾಯಿಗೆ ಚಪ್ಪಡಿ ಮುಚ್ತಾರೆ. ಮುಚ್ಚಿಟ್ಟ ರಾಗಿ ಒಳಗೇ ಗಾಳಿ ಕೆಡಿಸುತ್ತೆ. ಆ ಗಾಳಿ ಕುಡಿದೋನು ಕೂಗಾಕೂ ಆಗದಂಗೆ ಕುಸೀತಾನೆ. ಅದಕ್ಕೆ ಹಿಂದಿನೋರು ಒಂದು ಕ್ರಮ ಮಾಡಿದ್ರು. ಮೊದ್ಲು ಕಲ್ಲು ಸರಿಸಿ ಗುಂಡಿ ಆರಾಕೆ ಬಿಡೋದು. ಆಮ್ಯಾಲೆ ದೀಪ ಇಳಿಬಿಡೋದು. ದೀಪ ಉರಿದ್ರೆ ಆಳು ಇಳಿಯೋದು, ಸೊಂಟಕ್ಕೆ ಹಗ್ಗ. ಮ್ಯಾಲೆ ಒಬ್ಬ ಕುಂತು ಅವನ ಹೆಸರು ಕರೀತಾನೇ ಇರ್ಬೇಕು. ಕೆಳಗಿನೋನು ಪ್ರತಿ ಸಲ "ಓ" ಅನ್ನಬೇಕು. "ಓ" ನಿಂತ್ರೆ... ಹಗ್ಗ ಎಳೀಬೇಕು.

ಹುಲಿಗೆಮ್ಮಜ್ಜಿ ಅಪ್ಪ ಎತ್ತಪ್ಪ. ಅವನನ್ನ ಇಳಿಸಿದ್ದು ಪಂಚಾಕ್ಷರಪ್ಪನ ಅಪ್ಪ, ಆಗಿನ ಯಜಮಾನ. ಕರಿಯಾಕೆ ಕುಂತಿದ್ದೂ ಅವನೇ. ನಡುವೆ ಯಾರೋ ಮುಂಬಾಗ್ಲಿಗೆ ಬಂದ್ರು ಅಂತ ಎದ್ದು ಹೋದ. ಮಾತಿಗೆ ಕುಂತ. ವಾಪಸ್ ಬಂದಾಗ ಎತ್ತಪ್ಪನ ಉಸಿರು ನಿಂತಿತ್ತು. ಇದನ್ನ ಆ ಮನೆ ಆಳೊಬ್ಬ ಹುಲಿಗೆಮ್ಮನ ಅವ್ವನ ಕಿವೀಲಿ ಗುಟ್ಟಾಗಿ ಹೇಳಿದ್ದ. ಊರಿಗೆ ಏನು ಹೇಳಿದ ಗೊತ್ತಾ? ರಾತ್ರಿ ಹೊತ್ತು ರಾಗಿ ಕದಿಯಾಕೆ ಇಳಿದಿದ್ದ, ಸತ್ತ, ಅಂದ. ಅಪ್ಪ ಬೆಳಗ್ಗೆ ಮುದ್ದೆ ಉಂಡು ಮನೆ ಬಿಟ್ಟಿದ್ದನ್ನ ಹುಲಿಗೆಮ್ಮ ಕಣ್ಣಾರೆ ಕಂಡಿದ್ಲು. ಕೂಸಿನ ಮಾತು ಯಾರು ಕೇಳ್ತಾರೆ. ಅವತ್ತಿಂದ ಅವರ ಮನೆಗೆ ಹಗೇವುಗಳ್ಳನ ಮನೆ ಅಂತಲೇ ಹೆಸರು. ಮದುವೆ ಊಟದ ಪಂಕ್ತೀಲಿ ಕುಂತ್ರೂ ಯಾರೋ ಒಬ್ಬ ನಕ್ಕೊಂಡು ಕೇಳೋನು... "ಸೆರಗಲ್ಲಿ ರಾಗಿ ಐತೇನವ್ವಾ?"

ಇನ್ನೊಂದು ಮಾತು. ಆ ಹಿತ್ಲಿಂದ ರಾತ್ರಿ ಹೊತ್ತು ಒಂದು ಸದ್ದು ಬರ್ತಿತ್ತು. ನೆಲದೊಳಗಿಂದ... "ಓ"... ಅಂತ. ಕಳ್ಳನ ದೆವ್ವ ಕರೀತೈತೆ, ತಿರುಗಿ ಮಾತಾಡ್ಬ್ಯಾಡ್ರಿ ಅಂತ ಊರೋರು ಹೇಳೋರು. ನಾನೂ ಕೇಳಿದೀನಿ. ನಾನು ಹೆದರಲಿಲ್ಲ, ಬೀಡಿ ಹಚ್ಕಂಡು ನಿಂತೆ. ಜೊತೇಲಿದ್ದೋರೆಲ್ಲ ಓಡಿದ್ರು.

ಸರಿ. ಸುಮಿತ್ರಾ ಮನೇಲೇ ರೆಕಾರ್ಡಿಗೆ ಕುಂದ್ರಿಸಿದ್ಲು. ಆಗಲಿಲ್ಲ. ಗುಡ್ಡದ ಮ್ಯಾಲೆ ಕರೆಂಟ್ ಮಾಡೋ ಗಾಳಿ ಫ್ಯಾನು ಅವ್ಯಲ್ಲ, ಅವು ಹಗಲೂ ರಾತ್ರಿ ವೂಂಪ್... ವೂಂಪ್... ನಮ್ಮ ಕಿವಿಗೆ ಅದು ಕೇಳೋದೇ ಬಿಟ್ಟೈತೆ, ಮೈಕಿಗೆ ಬಿಟ್ಟಿಲ್ಲ. ಆರ್‌ಸಿಸಿ ಮನೆ ಬ್ಯಾರೆ ಗೊಂಯ್ ಅಂತಿತ್ತು. ಗೋಡೆಗೆಲ್ಲ ಕೌದಿ ತೂಗು ಹಾಕಿದ್ಲು. ಆ ಸಾಫ್ಟ್‌ವೇರಲ್ಲಿ ಒಂದು ಉಪಾಯ ಐತಂತೆ. ಯಾರೂ ಮಾತಾಡದೆ ಬರೀ ಜಾಗದ ಸದ್ದು ಒಂದು ಗಳಿಗೆ ತಗೊಂಡು "ಇದು ಗಲಾಟೆ" ಅಂತ ತೋರ್ಸಿದ್ರೆ, ಅಂಥ ಸದ್ದೆಲ್ಲ ಅದೇ ಅಳಿಸಿ ಹಾಕುತ್ತಂತೆ. ಅದನ್ನೂ ಮಾಡಿದ್ಲು. ಫ್ಯಾನಿನ ಸದ್ದು ಹೋಯ್ತು, ಅದರ ಜೊತೆ ಅಜ್ಜಿ ಗಂಟಲೂ ಅರ್ಧ ಹೋಯ್ತು. ಬಿಂದಿಗೆ ಒಳಗೆ ಕುಂತು ಮಾತಾಡಿದಂಗೆ ಕೇಳ್ತು.

"ನನ್ನ ಮಾತು ಅಳಿಸಾಕೆ ನಿನ್ನ ಮಿಶಿನ್ನೂ ಬೇಕಾ? ಊರೇ ಸಾಕಿತ್ತಲ್ಲ" ಅಂದ್ಲು ಅಜ್ಜಿ.

ಸದ್ದಿಲ್ಲದ ಜಾಗ ಬೇಕು. ಇಬ್ರೂ ಮುಖ ಮುಖ ನೋಡ್ಕಂಡ್ರು. ಅಂಥ ಜಾಗ ಊರಲ್ಲಿ ಒಂದೇ ಐತೆ, ನೆಲದ ಒಳಗೆ.

"ಅಲ್ಲೇ ಹೋಗಾಣ" ಅಂದ್ಲು ಅಜ್ಜಿ. "ಅಲ್ಲೇ ಕುಂತು ಹೇಳ್ತೀನಿ."

ಸುಮಿತ್ರಾ ಮರ್ಯಾದೆಯಿಂದ್ಲೇ ಪಂಚಾಕ್ಷರಪ್ಪನ್ನ ಕೇಳಾಕೆ ಹೋದ್ಲು. ಅವನು ಜಗಲಿ ಮ್ಯಾಲೆ ಎಲೆಡಿಕೆ ಮೆಲ್ತಾ ಇದ್ದ.

"ನಮ್ಮಪ್ಪನ ಹೆಸರಿಗೆ ಮಸಿ ಬಳೀತೀರಾ? ಆ ಕಲ್ಲು ಮುಟ್ಟಿ ನೋಡು, ಕಾಲು ಮುರೀತೀನಿ."

"ಮುರೀರಿ ದೊಡ್ಡಪ್ಪ. ಪಾಡ್‌ಕಾಸ್ಟಿಗೆ ಕಾಲು ಬೇಕಾಗಲ್ಲ, ಬಾಯಿ ಸಾಕು" ಅಂತ ಹೇಳಿ ಬಂದ್ಲು. ನಮ್ಮ ಮನೆ ರಕ್ತ ಅದು.

ಈಗ ಆ ರಾತ್ರಿಗೆ ಬರ್ರಿ.

ಹಿತ್ಲಿಗೆ ಬಂದ್ರು. ಬೇವಿನ ಮರ, ಅದರ ಬುಡದಲ್ಲಿ ಚಪ್ಪಡಿ. ಇಬ್ರೂ ಅಲ್ಲೇ ಬಿದ್ದಿದ್ದ ಹಾರೆ ಕೊಟ್ಟು ಮೀಟಿದ್ರು. ಕಲ್ಲು ಗರ್ರ್... ಅಂತ ಸರೀತು. ಹಳೇ ಹುಲ್ಲಿನ ವಾಸನೆ ಎದ್ದು ಬಂತು. ಬೇವಿನ ಕೊಂಬೆ ಮುರಿದು ಗಾಳಿ ಹಾಕಿದ್ರು. ಬಾಳ ಹೊತ್ತು ಕಾದ್ರು. ಸುಮಿತ್ರಾ ಮೊಬೈಲ್ ಟಾರ್ಚ್ ಇಳಿಬಿಡಾಣ ಅಂದ್ಲು.

"ಟಾರ್ಚಿಗೆ ಉಸಿರು ಕಟ್ಟುತ್ತಾ? ದೀಪ ಬಿಡು."

ಹಿತ್ಲಲ್ಲಿದ್ದ ಹಗ್ಗದ ಬಕೀಟಲ್ಲಿ ದೀಪ ಇಳಿಬಿಟ್ರು. ಉರೀತಾನೇ ಇತ್ತು. ಹಗ್ಗ ಬೇವಿನ ಮರಕ್ಕೆ ಒಂದು ಸುತ್ತು ಹಾಕಿ ಅಜ್ಜಿ ಸೊಂಟಕ್ಕೆ ಕಟ್ಟಿದ್ರು. ತುದಿ ಉದ್ದ ಮಿಕ್ತು, ಅದೂ ಅವಳ ಜೊತೆ ಕೆಳಕ್ಕೆ ಹೋಯ್ತು. ಅಜ್ಜಿ ಗೋಡೆ ಗೂಡಿಗೆ ಕಾಲಿಟ್ಟು ಇಳಿದ್ಲು, ಒಳ್ಳೆ ಹುಡುಗಿ ಇಳಿದಂಗೆ. ಮೈಕನ್ನೂ ವೈರಲ್ಲಿ ಇಳಿಬಿಟ್ಟಾಯ್ತು. ಸುಮಿತ್ರಾ ಲ್ಯಾಪ್‌ಟಾಪ್ ಕಲ್ಲಿನ ಮ್ಯಾಲಿಟ್ಟು ಹೆಡ್‌ಫೋನ್ ಹಾಕ್ಕಂಡ್ಲು. ಕೆಂಪು ಬಟನ್ ಒತ್ತಿದ್ಲು.

"ಅಜ್ಜಿ, ಮೊದ್ಲು ಸುಮ್ನೆ ಕುಂತ್ಕ. ಖಾಲಿ ಜಾಗದ ಸದ್ದು ತಗಂತೀನಿ."

ಫ್ಯಾನಿಲ್ಲ. ಬಸ್ಸಿಲ್ಲ. ನಾಯಿ ಇಲ್ಲ. ಪರದೆ ಮ್ಯಾಲೆ ಗೆರೆ ಸೀದಾ ಮಲಗಿತ್ತು. ಇಂಥ ಮೌನ ಅವಳು ಹುಟ್ಟಿದಾಗಿಂದ ಕೇಳಿರಲಿಲ್ಲ...

ಆಮ್ಯಾಲೆ ಗೆರೆ ಒಂಚೂರು ಅಲ್ಲಾಡ್ತು.

ಸರ್... ಸರ್... ಕಾಲ ಕೆಳಗೆ ರಾಗಿ ಜಾರಿದಂಗೆ. ಗುಂಡೀಲಿ ಒಂದು ಕಾಳಿಲ್ಲ, ನೆನಪಿಟ್ಕಳ್ರಿ. ಆಮ್ಯಾಲೆ ಉಸಿರು. ಬಾಯಿಂದ ಎಳ್ಕಳೋ ಉಸಿರು. ಹ್ಹಾ... ಹ್ಹಾ...

"ಅಜ್ಜಿ, ಉಸಿರು ಮೆಲ್ಲಗೆ."

"ನಾನು ಬಿಗಿ ಹಿಡ್ದಿದೀನಿ ಕಣೆ."

ಸುಮಿತ್ರಾ ಹೆಡ್‌ಫೋನ್ ಕೀಳಾಕೆ ಕೈ ಎತ್ತಿದ್ಲು. ಆದ್ರೂ ಏಳಲಿಲ್ಲ. ಕರಿಯೋದು ಅವಳ ಕೆಲಸ.

"ಹುಲಿಗೆಮ್ಮಜ್ಜೀ..."

"ಓ."

"ಹೇಳು."

ಅಜ್ಜಿ ಹೇಳಾಕೆ ಶುರು ಮಾಡಿದ್ಲು. ಅಪ್ಪ ಉಂಡ ಮುದ್ದೆ. ಹೆಗಲ ಮ್ಯಾಲಿನ ಟವೆಲ್. ಹೊಸ್ತಿಲು ದಾಟುವಾಗ ಮಗಳ ತಲೆ ಮ್ಯಾಲೆ ಮೊಟಕಿದ್ದು. ಹೊರಗಿದ್ದ ಬಿಸಿಲು. ನಡುನಡುವೆ ಸುಮಿತ್ರಾ ಕರೆಯೋಳು, ಅಜ್ಜಿ "ಓ" ಅನ್ನೋಳು. ಸರಿ ಹೋಗ್ತಾ ಇತ್ತು.

ಹಿಂದೆ ಚಪ್ಪಲಿ ಸದ್ದಾಯ್ತು. ಬ್ಯಾಟರಿ ಬೆಳಕು ಬಂದು ಬೆನ್ನಿಗೆ ಬಿತ್ತು. ಪಂಚಾಕ್ಷರಪ್ಪ.

"ಏಳಮ್ಮ ಮ್ಯಾಕೆ. ಮುಂಬಾಗ್ಲಿಗೆ ಬಾ, ಮಾತಾಡಾಣ."

"ಇಲ್ಲೇ ಮಾತಾಡ್ರಿ."

"ಏಳು ಅಂದೆ."

"ನಾನು ಎದ್ರೆ ಅಜ್ಜೀನ ಯಾರು ಕರೀತಾರೆ? ಹಿಂಗೇ ಮುಂಬಾಗ್ಲಿಗೆ ಎದ್ದು ಹೋಗಿದ್ದಲ್ವಾ ನಿಮ್ಮಪ್ಪ."

ಅವನು ಕೈ ಚಾಚಿ ಲ್ಯಾಪ್‌ಟಾಪ್ ಹಿಡಿದ. ಸುಮಿತ್ರಾ ಅದರ ಮ್ಯಾಲೆ ಮೊಣಕೈ ಊರಿ, ತಿರುಗಿಯೂ ನೋಡದೆ, ಗುಂಡಿ ಬಾಯಿಗೆ ಮುಖ ಇಟ್ಟು ಕರೆದ್ಲು.

"ಹುಲಿಗೆಮ್ಮಜ್ಜೀ..."

"ಓ."

ಎರಡು ಗಂಟಲು.

ಒಂದು ಅಜ್ಜೀದು, ಸಣ್ಣದು. ಅದಕ್ಕೆ ಮೊದಲೇ ಬಂದಿದ್ದು ಗಂಡಸಿನ ಗಂಟಲು. ದಪ್ಪದು. ಒಣಗಿದ್ದು. ಸುಮಿತ್ರಂಗೆ ಹೆಡ್‌ಫೋನಲ್ಲಿ ಕೇಳ್ತು. ಪಂಚಾಕ್ಷರಪ್ಪನ ಕಿವೀಲಿ ಹೆಡ್‌ಫೋನ್ ಇರಲಿಲ್ಲ... ಅವನಿಗೂ ಕೇಳ್ತು. ಲ್ಯಾಪ್‌ಟಾಪ್ ಹಿಡಿದಿದ್ದ ಕೈ ಬಿಟ್ಟ.

ಆಮ್ಯಾಲೆ ಅಜ್ಜಿ ಮಾತಾಡಿದ್ಲು. ದನಿ ಒಂಚೂರೂ ಅಲುಗಲಿಲ್ಲ.

"ಪಂಚಾಕ್ಷರಿ ಬಂದವ್ನಾ?"

"ಬಂದವ್ರೆ."

"ಲೇ ಪಂಚಾಕ್ಷರಿ. ಇಷ್ಟು ವರ್ಷ ನಮ್ಮಪ್ಪ ನಮ್ಮನ್ನ ಕರೀತಾನೆ ಅಂದ್ಕಂಡಿದ್ವಿ. ಅವನು ಯಾರನ್ನೂ ಕರೀತಿಲ್ಲ ಕಣೋ. ಓಗೊಡ್ತಾ ಅವ್ನೆ. ಕರಿಯೋನು ಎದ್ದು ಹೋದ ಅಂತ ಅವನಿಗೆ ಗೊತ್ತೇ ಇಲ್ಲ."

ಅವನು ಒಂದು ಹೆಜ್ಜೆ ಹಿಂದಕ್ಕೆ ಇಟ್ಟ.

"ನಿಮ್ಮ ಮನೇರು ಬಿಟ್ಟು ಹೋದ ಕೆಲಸ. ನೀನೇ ಕರಿ. ನನ್ನ ಅಲ್ಲ, ಅವನನ್ನ."

"ನಾನ್ಯಾಕೆ ಕರೀಲಿ. ನಾನು ಆಗ ಕೂಸು."

"ನಾನೂ ಕೂಸೇ."

ಸುಮಿತ್ರಾ ಗುಂಡಿಗೆ ಬಗ್ಗಿ ನೋಡಿದ್ಲು. ದೀಪ ಸಣ್ಣಗಾಗಿತ್ತು. ನೀಲಿ ತಿರುಗಿತ್ತು.

"ಅಜ್ಜಿ, ದೀಪ ಹೋಗ್ತೈತೆ. ಎಳೀತೀನಿ."

"ಮುಟ್ಟಬ್ಯಾಡ ಹಗ್ಗ. ಅವನು ಕರಿಯೋ ತನಕ ನಾನು ಮ್ಯಾಕೆ ಬರಲ್ಲ. ಬೆಳಗ್ಗೆ ಊರಿಗೆ ಹೇಳ್ಕಳ್ಳಿ, ಹುಲಿಗಿನೂ ರಾಗಿ ಕದಿಯಾಕೆ ಇಳಿದು ಸತ್ಲು ಅಂತ. ಅವರ ಮನೇಲಿ ಅಭ್ಯಾಸ ಐತಲ್ಲ."

"ದೊಡ್ಡಪ್ಪ" ಅಂದ್ಲು ಸುಮಿತ್ರಾ, ಪಿಸುಮಾತಲ್ಲಿ. "ಕರೀರಿ."

ದೀಪ ಆರ್ತು.

ಪಂಚಾಕ್ಷರಪ್ಪ ಮಂಡಿ ಊರಿ ಕುಂತ. ಅವನು ಮೊದ್ಲು ಆಡಿದ ಮಾತೇ ಬ್ಯಾರೆ. "ನಮ್ಮಪ್ಪ ಸಾಯೋ ತನಕ ಕಿವಿಗೆ ಹತ್ತಿ ತುರುಕ್ಕಂಡು ಮಲಗ್ತಿದ್ದ. ಹಗಲೊತ್ತು ಎತ್ತಪ್ಪನ್ನ ನಾನೇ ಇಳಿಸಿದ್ದು, ನಾನೇ ಎದ್ದು ಹೋಗಿದ್ದು ಅಂತ ನನ್ನ ಒಬ್ಬನ ಹತ್ರ ಹೇಳ್ದ." ಅಷ್ಟು ಹೇಳಿ ಗುಂಡಿ ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕರೆದ.

"ಎತ್ತಪ್ಪಾ..."

"ಓ."

ಈ ಸಲ ಆಳದಿಂದ ಬರಲಿಲ್ಲ. ಬಾಯಿ ಅಂಚಿನ ಕೆಳಗೇ, ಕೈ ಚಾಚಿದ್ರೆ ಸಿಗೋವಷ್ಟು ಹತ್ರ.

"ಎಳಿ" ಅಂದ್ಲು ಅಜ್ಜಿ.

ಇಬ್ರೂ ಹಗ್ಗಕ್ಕೆ ಬಿದ್ರು. ಅಜ್ಜಿ ಎಷ್ಟು ತೂಕ ಇದ್ದಾಳು ಹೇಳ್ರಿ? ಹಗ್ಗ ಬೇವಿನ ಮರಕ್ಕೆ ಉಜ್ಜಿ ಕುಯ್ಯೋ ಅಂತಿತ್ತು. ಅಂಗೈ ಚರ್ಮ ಕಿತ್ತು ಬಂತು. ಎಳೆದ್ರು, ಎಳೆದ್ರು. ಅಜ್ಜಿ ತಲೆ ಕಂಡ್ತು, ಹೆಗಲು ಕಂಡ್ತು. ಸುಮಿತ್ರಾ ರೆಟ್ಟೆ ಹಿಡಿದು ಮ್ಯಾಕೆ ಹಾಕ್ಕಂಡ್ಲು. ಅಜ್ಜಿ ಅಂಚಿನ ಮ್ಯಾಲೆ ಕುಂತ್ಲು, ಕೆಮ್ಮಿದ್ಲು.

ಹಗ್ಗ ಇನ್ನೂ ಬಿಗಿದೇ ಇತ್ತು. ಅವಳ ಸೊಂಟದಿಂದ ಕೆಳಕ್ಕೆ, ಕತ್ಲೆಗೆ... ತಂತಿ ಇದ್ದಂಗೆ.

"ನಿಲ್ಲಿಸಬ್ಯಾಡ್ರಿ" ಅಂದ್ಲು.

ಮತ್ತೆ ಎಳೆದ್ರು. ಪಂಚಾಕ್ಷರಪ್ಪ ಅಳ್ತಾ ಎಳೆದ. ಆಮ್ಯಾಲೆ ಒಂದೇ ಸಲ ಹಗ್ಗ ಸಡಿಲ ಆಯ್ತು. ಪಕ್ಕದಲ್ಲಿ ಯಾರೋ ದೊಡ್ಡ ಉಸಿರು ಬಿಟ್ಟಂಗೆ ಆಯ್ತು... ಬೇವಿನ ಎಲೆ ಸದ್ದು ಇರಬೋದು. ಆದ್ರೆ ಆ ಹೊತ್ತಿಗೆ ಗಾಳಿ ನಿಂತೋಗಿತ್ತು.

ಮಾರನೇ ದಿನ ಪಂಚಾಕ್ಷರಪ್ಪ ಅಂಗಡಿಗೆ ಬಂದ. ರಾತ್ರಿ ಇಳಿದಿದ್ದ ಸೊಕ್ಕು ಬೆಳಗಾಗೋದ್ರಲ್ಲಿ ವಾಪಸ್ ಬಂದಿತ್ತು.

"ಅದನ್ನ ಅಳಿಸು. ಇಲ್ಲಾಂದ್ರೆ ಕೇಸ್ ಹಾಕ್ತೀನಿ."

"ಅಳಿಸಲ್ಲ. ಕೇಸ್ ಹಾಕ್ರಿ. ಕೋರ್ಟಲ್ಲಿ ಜೋರಾಗಿ ಹಾಕಿ ಕೇಳಿಸ್ತೀನಿ."

ಹೋದ. ಕೇಸು ಇಲ್ಲ, ಏನಿಲ್ಲ.

ಸುಮಿತ್ರಾ ಆ ಖಾಲಿ ಗುಂಡಿ ಸದ್ದನ್ನ "ಇದು ಗಲಾಟೆ" ಅಂತ ಸಾಫ್ಟ್‌ವೇರಿಗೆ ತೋರಿಸಲಿಲ್ಲ. ತೋರ್ಸಿದ್ರೆ ಎತ್ತಪ್ಪನೂ ಅಳಿಸಿ ಹೋಗ್ತಿದ್ದ. ಇದ್ದಿದ್ದು ಇದ್ದಂಗೆ ಹಾಕಿದ್ಲು. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಬಸ್ಸಲ್ಲೆಲ್ಲ ಜನ ಕಿವಿಗೆ ಸಿಗ್ಸ್ಕಂಡು ಕೇಳಿದ್ರು. ಯಾವನೋ ಒಬ್ಬ ಕೆಳಗೆ ಬರೆದಿದ್ದ... ಕತೆ ಚೆನ್ನಾಗೈತೆ ಮೇಡಂ, ಹಿಂದೆ ಯಾರೋ ಉಸಿರು ಬಿಡೋ ಸದ್ದು ಜಾಸ್ತಿ, ಒಳ್ಳೆ ಮೈಕ್ ತಗಳ್ರಿ, ಅಂತ. ಸುಮಿತ್ರಾ ಉತ್ತರ ಹಾಕಿದ್ಲು, ಮೈಕ್ ಒಳ್ಳೇದೇ ಐತಣ್ಣ, ಅಂತ. ಆಮ್ಯಾಲಿಂದ ರಾಗಿ ಮಾತು ಎತ್ತಿದ ಗಂಡಸು ನಮ್ಮೂರಲ್ಲಿ ಹುಟ್ಟಿಲ್ಲ. ಎತ್ತಿದ್ರೆ ನಾನು ಇದೀನಿ. ಆ ಹಿತ್ಲಿಂದ ಈಗ "ಓ" ಕೇಳಲ್ಲ. ಬೇಕಾದ್ರೆ ಒಂದು ರಾತ್ರಿ ಮಲಗಿ ನೋಡ್ರಿ, ನಾನು ಮಲಗಿದೀನಿ.

ಇದೆಲ್ಲ ಮೂರೂ ಜನ ಹೆದರಿ ಕಟ್ಟಿದ ಕತೆ ಅಂತೀರಾ? ಅನ್ನಿ. ಆದ್ರೆ ಬೆಳಕು ಹರಿದ ಮ್ಯಾಲೆ ಹಗ್ಗ ಸುತ್ತಾಕೆ ಹೋದೋನು ನಾನು. ಅಜ್ಜಿ ಸೊಂಟಕ್ಕೆ ಕಟ್ಟಿದ್ದ ಗಂಟು ರಾತ್ರೀನೇ ಬಿಚ್ಚಿದ್ರು. ಅದಕ್ಕಿಂತ ಕೆಳಗೆ, ಉದ್ದ ಮಿಕ್ಕಿತ್ತಲ್ಲ ಆ ತುದೀಲಿ, ಇನ್ನೊಂದು ಕುಣಿಕೆ ಇತ್ತು. ಹಗೇವಿಗೆ ಇಳಿಯೋ ಗಂಡಸ್ರು ಹಾಕ್ಕಂತಿದ್ದ ಕುಣಿಕೆ, ಈಗ ಅದು ಯಾರಿಗೂ ಬರಲ್ಲ. ಅಜ್ಜಿ ನಾನು ಕಟ್ಟಿಲ್ಲ ಅಂದ್ಲು. ಸುಮಿತ್ರಂಗೆ ಗಂಟೇ ಗೊತ್ತಿಲ್ಲ. ಪಂಚಾಕ್ಷರಪ್ಪ ಆ ತುದಿ ಮುಟ್ಟೇ ಇಲ್ಲ. ನಾನು ಕೈಯಾರೆ ಹಿಡಿದು ನೋಡ್ದೆ. ಒಬ್ಬ ತೆಳ್ಳನೆ ಗಂಡಸಿನ ಸೊಂಟದಷ್ಟು ಅಗಲ. ನಾರು ಒಳಗಡೆ ಮಾತ್ರ ಒದ್ದೆ ಆಗಿತ್ತು, ಬೆವರಿದ ಮೈಗೆ ಸುತ್ತಿದಂಗೆ.